ಘಾಟಿ ಇಳಿಯುವ ಬೈಕ್‌ನವರಿಗೆ

ಮಳೆ ಶುರುವಾದ ಮೇಲೆ ಮುಳ್ಳಯ್ಯನಗಿರಿ, ಚಾರ್ಮಾಡಿ ಅಂತ ಬೈಕ್ ತಗೊಂಡು ಹೊರಡುವವರು ಹತ್ತುವುದಕ್ಕಿಂತ ಇಳಿಯುವಾಗ ಹುಷಾರಾಗಿರಿ. ಪೆಟ್ರೋಲ್ ಉಳಿಯುತ್ತೆ ಅಂತ ಕೆಲವರು ನ್ಯೂಟ್ರಲ್‌ಗೆ ಹಾಕಿ ಬಿಡ್ತಾರೆ, ಎಂಜಿನ್ನೇ ಆಫ್ ಮಾಡೋ ಪುಣ್ಯಾತ್ಮರೂ ಇದ್ದಾರೆ. ಆಗ ಗಾಡಿ ತಡೆಯೋ ಕೆಲಸವೆಲ್ಲ ಬ್ರೇಕ್ ಮೇಲೇ ಬೀಳುತ್ತೆ. ಒಂದೇ ಸಮ ಒತ್ತುತ್ತಾ ಬಂದರೆ ಅದು ಕಾದು ಹಿಡಿತ ಕಳ್ಕೊಳ್ಳುತ್ತೆ. ಸುಟ್ಟ ವಾಸನೆ ಬಂದರೆ ಅಗಲವಾದ ಜಾಗ ನೋಡಿ ನಿಲ್ಲಿಸಿ, ಆರಲಿ. ಹತ್ತಿದ ಗೇರ್‌ನಲ್ಲೇ, ಅಂದರೆ ಎರಡು ಮೂರರಲ್ಲಿ ಇಳಿಯಿರಿ, ಎಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳುತ್ತೆ. ಸ್ಕೂಟರ್‌ನವರು ಮೊದಲಿಂದಲೇ ನಿಧಾನ, ಎರಡೂ ಬ್ರೇಕ್ ಹಿಡಿದು ಬಿಟ್ಟು, ಹಿಡಿದು ಬಿಟ್ಟು.

ತಿರುವಿಗೆ ಮುಂಚೆಯೇ ವೇಗ ಇಳಿಸಿ. ಗಾಡಿ ವಾಲಿದಾಗ ಮುಂದಿನ ಬ್ರೇಕ್ ಗಟ್ಟಿಯಾಗಿ ಹಿಡಿದರೆ, ಅದೂ ಸಿಲ್ವರ್ ಓಕ್ ಎಲೆ ಉದುರಿ ಕೊಳೆತ ಕಡೆ, ಚಕ್ರ ಜಾರಿಯೇ ಜಾರುತ್ತೆ. ಎಬಿಎಸ್ ಇದೆ ಅನ್ನೋ ಧೈರ್ಯ ಬೇಡ. ಅದು ಚಕ್ರ ಲಾಕ್ ಆಗದಂತೆ ನೋಡಿಕೊಳ್ಳುತ್ತೆ ಅಷ್ಟೇ, ಪಾಚಿ ಮೇಲೆ ಹಿಡಿತ ತಂದುಕೊಡಲ್ಲ.

ಮುಳ್ಳಯ್ಯನಗಿರಿ ದಾರಿಯ ಕೈಮರದಿಂದ ಮೇಲೆ ತಿರುವಿನಲ್ಲೇ ಓವರ್‌ಟೇಕ್ ಮಾಡೋರನ್ನ ಕಂಡರೆ ನನಗೆ ಮೈ ಉರಿಯುತ್ತೆ. ಎದುರಿಗೆ ತೋಟದ ಆಳುಗಳನ್ನು ತುಂಬಿಕೊಂಡ ಪಿಕಪ್ ಬರ್ತಿರುತ್ತೆ. ಇಕ್ಕಟ್ಟಿನಲ್ಲಿ ಹತ್ತುವ ಗಾಡಿಗೆ ಇಳಿಯುವವರು ದಾರಿ ಬಿಡಬೇಕು, ನಿಯಮವೇ ಇದೆ.

ಮಂಜಿನಲ್ಲಿ ಹೈ ಬೀಮ್ ಹಾಕಿದರೆ ಬೆಳಕು ನಿಮ್ಮ ಕಣ್ಣಿಗೇ ಹೊಡೆಯುತ್ತೆ, ಲೋ ಬೀಮ್ ಸಾಕು. ಹೆಲ್ಮೆಟ್ ಹಿಂದೆ ಕೂತವರಿಗೂ ಬೇಕು, ಐಎಸ್‌ಐ ಗುರುತು ಇರೋದು, ಪಟ್ಟಿ ಬಿಗಿದು. ಗಾಜಿಗೆ ಹಬೆ ಕಟ್ಟಿದರೆ ಒಂದು ಬೆರಳಷ್ಟು ತೆರೆದಿಡಿ.