ತೋಟದ ಬೇಲಿ: ಎರಡನೇ ಸಲ ಹಾಕಿದ್ದು ಹೀಗೆ

ಸಾಗರ ಸೀಮೆಯ ನಮ್ಮ 2 ಎಕರೆ ಅಡಿಕೆ ತೋಟಕ್ಕೆ ನಾನು ಹಾಕಿದ ಮೊದಲ ಬೇಲಿ ಒಂದೇ ಮಳೆಗಾಲಕ್ಕೆ ಜೋತುಬಿತ್ತು. ಗೂಟ ಮುರಿದಿರಲಿಲ್ಲ, ತಂತಿ ಹರಿದಿರಲಿಲ್ಲ. ಮೂಲೆಕಂಬಗಳು ಒಳಕ್ಕೆ ವಾಲಿದ್ದವು. ಮೂಲೆ ವಾಲಿದರೆ ಇಡೀ ಸಾಲು ಸಡಿಲ. ದನ ಕತ್ತು ತೂರಿಸಿ, ಹೆಗಲು ಕೊಟ್ಟು ಒಳಗೆ ಬಂದೇಬಿಡುತ್ತದೆ. 5 ಎಳೆ ಮುಳ್ಳುತಂತಿಯ ಬಿಗಿಯೆಲ್ಲ ಬೀಳುವುದು ಮೂಲೆಯ ಮೇಲೆ. ನಡುವಿನ ಗೂಟಗಳದ್ದು ತಂತಿಯನ್ನು ಎತ್ತಿ ಹಿಡಿಯುವ ಕೆಲಸವಷ್ಟೇ. ಅದು ತಿಳಿಯದೆ ಎಲ್ಲಕ್ಕೂ ಒಂದೇ ಅಳತೆಯ ಒಂದೂವರೆ ಅಡಿ ಗುಂಡಿ ತೋಡಿದ್ದೆ.

ಮರುವರ್ಷ ಬೇಸಿಗೆಯಲ್ಲಿ ಎಲ್ಲ ಬಿಚ್ಚಿ ಹೊಸದಾಗಿ ಶುರುಮಾಡಿದೆ. ಬ್ಯಾಣದಲ್ಲಿ, ಅಂದರೆ ನಮ್ಮ ಹುಲ್ಲುಗಾವಲಲ್ಲಿ, ನಾವೇ ನೆಟ್ಟಿದ್ದ ಅಕೇಶಿಯಾದಲ್ಲಿ ಬಲಿತವನ್ನೇ ಆರಿಸಿದೆ. ಕಂದು ತಿರುಳು ಬಾಳಿಕೆ ಬರುತ್ತದೆ, ಸುತ್ತಲಿನ ಬಿಳಿ ಗೆದ್ದಲಿನ ಪಾಲು. ತೊಗಟೆ ಕೆತ್ತಿ, ನೆರಳಲ್ಲಿ ಒಣಗಿಸಿ, ಬುಡಕ್ಕೆ ಎರಡು ಸಲ ಗೇರೆಣ್ಣೆ (ಗೇರುಬೀಜದ ಸಿಪ್ಪೆಯ ಎಣ್ಣೆ) ಬಳಿದೆ. ನೆಲಮಟ್ಟದಿಂದ ಅರ್ಧ ಅಡಿ ಮೇಲಿನವರೆಗೂ ಬಳಿಯಬೇಕು, ಏಕೆಂದರೆ ಗಾಳಿ, ತೇವ ಎರಡೂ ಸಿಗುವ ಆ ಜಾಗದಲ್ಲೇ ಕಂಬ ಮೊದಲು ಕೊಳೆಯುವುದು. ಕೈಗವಸು ಮರೆಯಬೇಡಿ, ಗೇರೆಣ್ಣೆ ತಾಗಿದರೆ ಚರ್ಮ ಬೊಕ್ಕೆಯೇಳುತ್ತದೆ.

ಮೂಲೆಗೆ 8 ಅಡಿಯ ದಪ್ಪ ಕಂಬ, ಅದರಲ್ಲಿ ಮೂರೂವರೆ ಅಡಿ ನೆಲದೊಳಗೆ. ಸಿಮೆಂಟ್ ಹಾಕಲಿಲ್ಲ, ಅದು ಮರದ ಸುತ್ತ ನೀರು ಹಿಡಿದಿಡುತ್ತದೆ. ಜಂಬಿಟ್ಟಿಗೆ ಚೂರು, ಮಣ್ಣು ಪದರ ಪದರವಾಗಿ ಹಾಕಿ ಹಾರೆಯ ಹಿಂಬದಿಯಿಂದ ಗುದ್ದಿದೆ. ಮೂಲೆಯಿಂದ ಎರಡೂ ದಿಕ್ಕಿಗೆ 7 ಅಡಿ ದೂರದಲ್ಲಿ ಒಂದೊಂದು ಜೊತೆಗಂಬ. ಮೂಲೆಕಂಬ, ಜೊತೆಗಂಬ ಎರಡರ ತಲೆಯ ಹತ್ತಿರ ಅಡ್ಡಮರ ಕೂರಿಸಿ, ಜೊತೆಗಂಬದ ತಲೆಯಿಂದ ಮೂಲೆಕಂಬದ ಬುಡಕ್ಕೆ ಓರೆಯಾಗಿ ಜೋಡಿ ತಂತಿ ಸುತ್ತಿ, ನಡುವೆ ಕೋಲು ತೂರಿಸಿ ತಿರುವಿ ಬಿಗಿದೆ. ತಂತಿ ಮೂಲೆಯನ್ನು ಎಳೆದರೆ ಅಡ್ಡಮರ ತಡೆಯುತ್ತದೆ, ಓರೆತಂತಿ ಆ ಒತ್ತಡವನ್ನು ಬುಡಕ್ಕೆ ಇಳಿಸುತ್ತದೆ. ನಾಲ್ಕು ಮೂಲೆಗೇ ನನಗೆ ಆರು ದಿನ ಹಿಡಿಯಿತು. ಒಂದು ದಿನವೂ ದಂಡವಾಗಲಿಲ್ಲ.

ಉಳಿದದ್ದು ಬೇಗ ಸಾಗಿತು. ಮೂಲೆಯಿಂದ ಮೂಲೆಗೆ ಹುರಿ ಕಟ್ಟಿ, 8 ಅಡಿಗೊಂದು ಗೂಟ, ಎರಡೂವರೆ ಅಡಿ ಆಳ. ತಂತಿ ಕೆಳಗೆ ಒತ್ತೊತ್ತು, ಮೇಲೆ ವಿರಳ: ನೆಲದಿಂದ 6, 12, 20, 32, 46 ಇಂಚು. ದನ ಹೊರಗಿನಿಂದ ಒತ್ತುವುದರಿಂದ ತಂತಿಯೂ ಗೂಟದ ಹೊರಮೈಗೇ. ಒಳಮೈಗೆ ಹೊಡೆದರೆ ಮೊಳೆ ಕಿತ್ತುಬರುತ್ತದೆ. ಯು ಮೊಳೆಯನ್ನು ಮರದ ಎಳೆಗೆ ಓರೆಯಾಗಿ ಹೊಡೆದೆ, ಸೀಳು ಬಿಡಲಿಲ್ಲ. ನಡುಗೂಟಗಳಲ್ಲಿ ಪೂರ್ತಿ ಹೊಡೆಯದೆ ತಂತಿ ಸರಿದಾಡುವಷ್ಟು ಜಾಗ ಬಿಟ್ಟೆ. ಮತ್ತೆ ಬಿಗಿಯುವಾಗ ಅದೇ ಅನುಕೂಲ.

ಬಿಗಿಯುವಾಗ ಒಂದು ಎಳೆ ಕೈತಪ್ಪಿ ಹಾವಿನಂತೆ ಸುರುಳಿ ಸುತ್ತಿ ಬಂದು ನನ್ನ ಮೊಣಕೈ ಸೀಳಿತು. ಎಳೆಯುವವರ ಹಿಂದೆ, ತಂತಿಯ ನೇರದಲ್ಲಿ ಯಾರನ್ನೂ ನಿಲ್ಲಿಸಬೇಡಿ.

ಜೂನ್ ಮಳೆ ಹಿಡಿದ ಮೇಲೆ ಗೂಟಗಳ ನಡುವೆ ಗೊಬ್ಬರಗಿಡದ (ಗ್ಲಿರಿಸಿಡಿಯಾ) ಕೋಲು ನೆಟ್ಟೆ. ಬೇರು ಬಿಡುವವರೆಗೆ ತಂತಿಗೆ ಬಾಳೆನಾರಿನಲ್ಲಿ ಕಟ್ಟಿದ್ದೆ. ಈಗ ಮೂರನೇ ವರ್ಷ. ಅಕೇಶಿಯಾ ಗೂಟ ಕೊಳೆತರೆ ತಂತಿ ಹೊರಲು ಅವು ಬಲಿಯುತ್ತಿವೆ, ಸವರಿದ ಸೊಪ್ಪು ಅಡಿಕೆ ಬುಡಕ್ಕೆ ಹೋಗುತ್ತಿದೆ. ಮೂಲೆಗಳಿಗೆ ತೂಗುಗುಂಡು ಹಿಡಿದು ಮೊನ್ನೆ ನೋಡಿದೆ. ಮೂರು ನೇರ ಇವೆ, ಹಳ್ಳದ ಕಡೆಯದು ಒಂದು ಬೆರಳಷ್ಟು ಸರಿದಿದೆ. ಅದರ ಓರೆತಂತಿಯನ್ನು ಈ ವಾರ ಎರಡು ಸುತ್ತು ತಿರುವಬೇಕು.