ಯುದ್ಧದ ನಾಡಿಗೆ ಟಿಕೆಟ್ ಮಾಡಿಸುವ ಮುನ್ನ: ಅಪಾಯ ಅಳೆಯುವುದು ಹೇಗೆ?

2023ರ ಏಪ್ರಿಲ್ 15ರಂದು ಸುಡಾನ್‌ನಲ್ಲಿ ಸೇನೆಗೂ ಅರೆಸೇನಾ ಪಡೆಗೂ ಕಾಳಗ ಹತ್ತಿಕೊಂಡಿತು. ಗಿಡಮೂಲಿಕೆ ಔಷಧಿ ಮಾರಲು ಹೋಗಿದ್ದ ಹಕ್ಕಿಪಿಕ್ಕಿ ಸಮುದಾಯದ ಹಲವರು ಎಲ್ ಫಾಶರ್ ಪಟ್ಟಣದಲ್ಲಿ ಸಿಕ್ಕಿಕೊಂಡರು. ಸುಡಾನ್‌ನಲ್ಲಿ ಸಿಲುಕಿದ ಕನ್ನಡಿಗರಲ್ಲಿ ನಮ್ಮ ಚನ್ನಗಿರಿ ತಾಲ್ಲೂಕಿನವರೂ ಇದ್ದರು. ಅದಕ್ಕೂ ಹಿಂದಿನ ವರ್ಷ ಮಾರ್ಚ್ 1ರಂದು ಪಕ್ಕದ ಹಾವೇರಿ ಜಿಲ್ಲೆಯ ವೈದ್ಯ ವಿದ್ಯಾರ್ಥಿಯೊಬ್ಬ ಉಕ್ರೇನಿನ ಖಾರ್ಕಿವ್‌ನಲ್ಲಿ ಶೆಲ್ ದಾಳಿಗೆ ಬಲಿಯಾದ. ಮನೆಯವರು ಆತನ ದೇಹವನ್ನು ದಾನ ಮಾಡಿದ್ದು ದಾವಣಗೆರೆಯ ಎಸ್.ಎಸ್. ವೈದ್ಯಕೀಯ ಕಾಲೇಜಿಗೆ.

ವ್ಯಾಪಾರಕ್ಕೆ, ಎಂಬಿಬಿಎಸ್‌ಗೆ, ಕೂಲಿಗೆ ಹೊರದೇಶಕ್ಕೆ ಹೋಗುವವರನ್ನು ತಡೆಯುವುದು ಈ ಬರಹದ ಉದ್ದೇಶವಲ್ಲ. ಹೊರಡುವ ಮುನ್ನ ಒಂದು ಸಂಜೆ ಮನೆಯವರೊಂದಿಗೆ ಕೂತು, ಕಾಗದ ಪೆನ್ನು ಹಿಡಿದು ಮಾಡಬೇಕಾದ ಲೆಕ್ಕವೊಂದಿದೆ. ಅದನ್ನು ಹೇಳುತ್ತೇವೆ.

ದೇಶ ಬಿಡಿ, ಊರು ಬರೆಯಿರಿ

"ಇರಾಕ್ ಈಗ ಶಾಂತವಾಗಿದೆಯಂತೆ" ಎಂಬ ಮಾತಿನಿಂದ ಏನೂ ತಿಳಿಯದು. ನೀವು ಇಳಿಯುವ ವಿಮಾನ ನಿಲ್ದಾಣ, ಮಲಗುವ ಊರು, ಕೆಲಸದ ಜಾಗ, ಇವೆರಡರ ನಡುವಿನ ರಸ್ತೆ, ಇರುವ ತಿಂಗಳು: ಈ ಐದನ್ನು ಬರೆದುಕೊಳ್ಳಿ. ಏಜೆಂಟ್ ಊರಿನ ಹೆಸರು ಹೇಳಲು ಹಿಂದೇಟು ಹಾಕಿದರೆ ಮುಂದಿನ ಹಂತಕ್ಕೆ ಹೋಗುವ ಅಗತ್ಯವೇ ಇಲ್ಲ.

ಊರಿನ ಹೆಸರು ಸಿಕ್ಕ ಮೇಲೆ ಅಲ್ಲಿನ ಹಿಂದಿನ ಆರು ತಿಂಗಳ ಸುದ್ದಿ ಹುಡುಕಿ. ಎಷ್ಟು ದಾಳಿ ನಡೆದವು ಎಂಬುದಕ್ಕಿಂತ ಅವು ಯಾವ ಕಡೆಗೆ ಸರಿಯುತ್ತಿವೆ ಎಂಬುದು ಮುಖ್ಯ. ಆ ಊರು, ಆ ರಸ್ತೆ ಯಾರ ಹಿಡಿತದಲ್ಲಿವೆ ಎಂದು ಕೇಳಿ. ಒಂದೇ ರಸ್ತೆಯಲ್ಲಿ ಇಬ್ಬರು ಬೇರೆ ಬೇರೆ ಕಡೆಯವರ ಚೆಕ್‌ಪೋಸ್ಟ್ ಇದ್ದರೆ, ಒಬ್ಬರು ಕೊಟ್ಟ ಅನುಮತಿ ಪತ್ರವೇ ಇನ್ನೊಬ್ಬರ ಅನುಮಾನಕ್ಕೆ ಕಾರಣವಾಗುತ್ತದೆ.

ಹೊರಬರುವ ದಾರಿ ಅಳೆಯಿರಿ

ಹೆಚ್ಚಿನವರು ಎಡವುವುದು ಇಲ್ಲಿ. ಹೋಗುವ ವಿಮಾನದ ಬಗ್ಗೆ ಹತ್ತು ಸಲ ವಿಚಾರಿಸುತ್ತಾರೆ, ಅದೇ ನಿಲ್ದಾಣ ಮುಚ್ಚಿದರೆ ಏನು ಗತಿ ಎಂದು ಒಮ್ಮೆಯೂ ಕೇಳುವುದಿಲ್ಲ. ಕಾಳಗ ಶುರುವಾದಾಗ ಮೊದಲು ಮುಚ್ಚುವುದೇ ವಿಮಾನ ನಿಲ್ದಾಣ. ಸುಡಾನ್ ರಾಜಧಾನಿ ಖಾರ್ಟೂಮ್‌ನ ನಿಲ್ದಾಣ ಮೊದಲ ದಿನವೇ ರಣರಂಗವಾಯಿತು. ಅಲ್ಲಿಂದ ನಮ್ಮವರನ್ನು ಕರೆತರಲು ಸರ್ಕಾರ ನಡೆಸಿದ 'ಆಪರೇಷನ್ ಕಾವೇರಿ'ಯಲ್ಲಿ ಭಾರತೀಯರು ಬಸ್ಸಿನಲ್ಲಿ ಸುಮಾರು 850 ಕಿ.ಮೀ. ದೂರದ ಪೋರ್ಟ್ ಸುಡಾನ್ ತಲುಪಿ, ಅಲ್ಲಿಂದ ನೌಕಾಪಡೆಯ ಹಡಗು ಅಥವಾ ವಾಯುಪಡೆಯ ವಿಮಾನದಲ್ಲಿ ಜೆಡ್ಡಾಕ್ಕೆ ಹೋಗಿ, ಆಮೇಲೆ ಊರಿನ ವಿಮಾನ ಹತ್ತಬೇಕಾಯಿತು. ಉಕ್ರೇನ್ ಆಕಾಶ 2022ರ ಫೆಬ್ರುವರಿ 24ರಂದು ಮುಚ್ಚಿತು. ಖಾರ್ಕಿವ್‌ಗೆ ಹತ್ತಿರದ ಗಡಿ ಸುಮಾರು 40 ಕಿ.ಮೀ., ಆದರೆ ಅದು ರಷ್ಯಾದ ಗಡಿ. ಪಾರಾಗುವ ದಾರಿ ಇದ್ದದ್ದು ಸಾವಿರ ಕಿ.ಮೀ. ಆಚೆ, ಪಶ್ಚಿಮಕ್ಕೆ.

ಆದ್ದರಿಂದ ನಕ್ಷೆ ತೆರೆದು ವಿಮಾನವಿಲ್ಲದೆ ಹೊರಬರುವ ಎರಡು ದಾರಿ ಗುರುತಿಸಿ. ಪ್ರತಿ ದಾರಿಗೂ ದೂರ, ಸಾಮಾನ್ಯ ದಿನ ಹಿಡಿಯುವ ಗಂಟೆ, ಗಡಿ ಠಾಣೆಯ ಹೆಸರು ಬರೆಯಿರಿ. ಗಡಿಯಾಚೆಯ ದೇಶ ಭಾರತೀಯರಿಗೆ ವೀಸಾ ಕೇಳುತ್ತದೆಯೇ ಎಂಬುದನ್ನೂ ಸೇರಿಸಿ. ಸಾಮಾನ್ಯ ದಿನದ ಗಂಟೆಯನ್ನು ಮೂರರಿಂದ ಗುಣಿಸಿ. ಚೆಕ್‌ಪೋಸ್ಟ್, ಡೀಸೆಲ್ ಕೊರತೆ, ರಾತ್ರಿ ಕರ್ಫ್ಯೂ ಎಲ್ಲ ಸೇರಿದರೆ ಅಷ್ಟಾದರೂ ಆಗುತ್ತದೆ. ಎರಡು ದಾರಿ ಸಿಗದಿದ್ದರೆ, ಬೇರೆಲ್ಲ ಅಂಶ ಚೆನ್ನಾಗಿದ್ದರೂ ಆ ಊರು ಬೇಡ ಎನ್ನುವುದು ನಮ್ಮ ಅಭಿಪ್ರಾಯ.

ನಡೆಯುವ ಶಕ್ತಿಯನ್ನೂ ಲೆಕ್ಕಕ್ಕೆ ಹಿಡಿಯಿರಿ. 2022ರ ಮಾರ್ಚ್ 2ರಂದು ಖಾರ್ಕಿವ್‌ನಲ್ಲಿದ್ದ ಭಾರತೀಯರಿಗೆ ರಾಯಭಾರ ಕಚೇರಿ ಕೊಟ್ಟ ಸೂಚನೆ ಹೀಗಿತ್ತು: ವಾಹನ ಸಿಗದಿದ್ದರೆ ನಡೆದಾದರೂ ಸಂಜೆ ಆರರೊಳಗೆ ಹೊರವಲಯದ ಮೂರು ಊರುಗಳಲ್ಲಿ ಒಂದನ್ನು ಸೇರಿ. ದೂರ 11ರಿಂದ 16 ಕಿ.ಮೀ., ಅಂದರೆ ಹೆಚ್ಚುಕಡಿಮೆ ದಾವಣಗೆರೆಯಿಂದ ಹರಿಹರಕ್ಕೆ ನಡೆದಷ್ಟು, ಅದೂ ಕೊರೆಯುವ ಚಳಿಯಲ್ಲಿ. ತುರ್ತಿಗೆಂದು ಕಟ್ಟಿಡುವ ಚೀಲ ಏಳೆಂಟು ಕಿಲೋ ಮೀರಬಾರದು ಎನ್ನುವುದು ಇದಕ್ಕೇ.

ಸರ್ಕಾರಿ ಸೂಚನೆ ಓದುವ ಬಗೆ

ವಿದೇಶಾಂಗ ಸಚಿವಾಲಯ ಮತ್ತು ಆಯಾ ದೇಶದ ಭಾರತೀಯ ರಾಯಭಾರ ಕಚೇರಿಯ ಜಾಲತಾಣ, ಎಕ್ಸ್ ಖಾತೆ ನೋಡಿ. ಜೊತೆಗೆ ಬ್ರಿಟನ್, ಆಸ್ಟ್ರೇಲಿಯಾ, ಅಮೆರಿಕ ಸರ್ಕಾರಗಳು ತಮ್ಮ ಪ್ರಜೆಗಳಿಗೆ ಕೊಡುವ ಸಲಹೆಯನ್ನೂ ಓದಿ. ಬ್ರಿಟನ್ನಿನದರಲ್ಲಿ ದೇಶದೊಳಗಿನ ಪ್ರದೇಶಗಳಿಗೆ ಬೇರೆ ಬೇರೆ ಬಣ್ಣದ ನಕ್ಷೆ ಇರುತ್ತದೆ. ಊರಿನ ಮಟ್ಟದಲ್ಲಿ ನೋಡುವವರಿಗೆ ಅದು ಹೆಚ್ಚು ಉಪಯೋಗಿ.

ರಾಜತಾಂತ್ರಿಕರ ಭಾಷೆ ಮೆದು. ಕೀವ್‌ನ ನಮ್ಮ ರಾಯಭಾರ ಕಚೇರಿ 2022ರ ಫೆಬ್ರುವರಿ 15ರಂದೇ, ಇರಲೇಬೇಕಾದ ಅಗತ್ಯವಿಲ್ಲದವರು ತಾತ್ಕಾಲಿಕವಾಗಿ ಹೊರಡುವುದನ್ನು ಪರಿಗಣಿಸಬಹುದು ಎಂದಿತ್ತು. 'ಪರಿಗಣಿಸಬಹುದು' ಎಂಬುದನ್ನು ಹಲವರು 'ಅವಸರವಿಲ್ಲ' ಎಂದು ಓದಿಕೊಂಡರು. ಟಿಕೆಟ್ ದುಬಾರಿಯಾಗಿತ್ತು, ಹಾಜರಾತಿಯ ಭಯವೂ ಇತ್ತು. ಆಕಾಶ ಮುಚ್ಚಲು ಉಳಿದಿದ್ದದ್ದು ಒಂಬತ್ತು ದಿನ. ಈ ಮಾತುಗಳನ್ನು ಹೀಗೆ ಓದಿ: "ಅನಗತ್ಯ ಪ್ರಯಾಣ ಬೇಡ" ಎಂದರೆ ಇನ್ನೂ ಹೋಗದವರು ಹೋಗಬೇಡಿ. "ಲಭ್ಯವಿರುವ ವಿಮಾನದಲ್ಲಿ ಹೊರಡಿ" ಎಂದರೆ ಇವತ್ತೇ ಟಿಕೆಟ್. "ಇರುವಲ್ಲೇ ಇರಿ" ಎಂದರೆ ಹೊರಡುವ ಸಮಯ ಕೈತಪ್ಪಿದೆ, ನೀರು, ಅಕ್ಕಿ, ನೆಲಮಾಳಿಗೆ ನೋಡಿಕೊಳ್ಳಿ.

ಕೆಲವೆಡೆ ಸಲಹೆಯ ಮಾತೇ ಇಲ್ಲ, ನಿಷೇಧವೇ ಇದೆ. ಯೆಮನ್‌ಗೆ ಹೋಗುವುದನ್ನು ಭಾರತ ಸರ್ಕಾರ 2017ರಲ್ಲಿ ನಿಷೇಧಿಸಿತು. ಇಂಥ ಆದೇಶ ಮೀರಿದರೆ ಪಾಸ್‌ಪೋರ್ಟ್ ಜಪ್ತಿಯಾಗಬಹುದು. ನಮ್ಮ ರಾಯಭಾರ ಕಚೇರಿ ಆ ದೇಶದೊಳಗೇ ಇದೆಯೇ, ಪಕ್ಕದ ದೇಶದಿಂದ ನಡೆಯುತ್ತಿದೆಯೇ ಎಂಬುದನ್ನೂ ನೋಡಿಕೊಳ್ಳಿ.

ಅಂಕ ಹಾಕಿ

ಶೆಲ್ ದಾಳಿ, ಅಪಹರಣ ಅಥವಾ ಬಂಧನ, ರಸ್ತೆ ಅಪಘಾತ, ಕಾಯಿಲೆ, ಹಣ ಅಥವಾ ಪಾಸ್‌ಪೋರ್ಟ್ ಕಳವು: ಪ್ರತಿಯೊಂದಕ್ಕೂ ಆಗುವ ಸಾಧ್ಯತೆಗೆ 1ರಿಂದ 5, ಆದಲ್ಲಿ ಉಂಟಾಗುವ ಹಾನಿಗೆ 1ರಿಂದ 5 ಅಂಕ ಕೊಟ್ಟು ಗುಣಿಸಿ. 15 ದಾಟಿದ್ದನ್ನು ತಗ್ಗಿಸುವ ಉಪಾಯ ಬರೆಯಲಾಗದಿದ್ದರೆ ಹೋಗಬೇಡಿ. ಈ ಲೆಕ್ಕದಲ್ಲೊಂದು ಮೋಸವಿದೆ. ಅಪಹರಣದ ಸಾಧ್ಯತೆ 1, ಹಾನಿ 5 ಎಂದಿಟ್ಟರೆ ಬರುವುದು ಬರೀ 5, ಅದು ಹೊಟ್ಟೆನೋವಿಗಿಂತ ಕಡಿಮೆ ಕಾಣಬಹುದು. ಹಾನಿ 5 ಇರುವುದೆಲ್ಲವನ್ನೂ ಗುಣಲಬ್ಧ ನೋಡದೆ ಬೇರೆಯಾಗಿ ಚರ್ಚಿಸಿ. ಅಂಕ ಕೊಡುವ ಕೆಲಸವನ್ನು ಹೋಗುವವರೊಬ್ಬರೇ ಮಾಡಬಾರದು. ಹೋಗುವ ಆಸೆ ಪೆನ್ನನ್ನು ಕೆಳಗೆಳೆಯುತ್ತದೆ.

ಏಜೆಂಟ್, ವೀಸಾ, ವಿಮೆ

ಕೆಲಸಕ್ಕೆ ಕಳಿಸುವವರು ಸರ್ಕಾರದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ನೋಂದಾಯಿತರೇ ಎಂದು ನೀವೇ ಹುಡುಕಿ ನೋಡಿ, ಗೋಡೆಗೆ ತೂಗುಹಾಕಿದ ಪ್ರಮಾಣಪತ್ರ ನಂಬಬೇಡಿ. ನೋಂದಾಯಿತ ಏಜೆಂಟ್ ಪಡೆಯಬಹುದಾದ ಗರಿಷ್ಠ ಸೇವಾ ಶುಲ್ಕ 30,000 ರೂಪಾಯಿ ಮತ್ತು ಜಿಎಸ್‌ಟಿ. "ಸದ್ಯ ವಿಸಿಟ್ ವೀಸಾದಲ್ಲಿ ಹೋಗಿ, ಅಲ್ಲಿ ಬದಲಾಯಿಸೋಣ" ಎಂದರೆ ಅಲ್ಲಿಗೇ ಎದ್ದು ಬನ್ನಿ. ರಷ್ಯಾದಲ್ಲಿ ಸಹಾಯಕರ ಕೆಲಸ, ಭದ್ರತೆಯ ಕೆಲಸ ಎಂದು ನಂಬಿ ಹೋಗಿ ಯುದ್ಧದ ಮುಂಚೂಣಿ ಸೇರಿದವರಲ್ಲಿ ಕಲಬುರಗಿ ಜಿಲ್ಲೆಯ ಯುವಕರೂ ಇದ್ದರು. ಓದಲು ಬಾರದ ಭಾಷೆಯ ಕರಾರಿಗೆ ಸಹಿ ಹಾಕಬೇಡಿ.

ಸಾಮಾನ್ಯ ಪ್ರವಾಸ ವಿಮೆಯಲ್ಲಿ ಯುದ್ಧ, ಅಂತರ್ಯುದ್ಧದಿಂದಾದ ನಷ್ಟಕ್ಕೆ ಪರಿಹಾರವಿರುವುದಿಲ್ಲ. ಪಾಲಿಸಿಯ 'ಹೊರತುಪಡಿಸಿದವು' ಪುಟ ಮೊದಲು ಓದಿ. ಇಸಿಆರ್ (ವಲಸೆ ತಪಾಸಣೆ ಅಗತ್ಯವಿರುವ) ಪಾಸ್‌ಪೋರ್ಟಿನಲ್ಲಿ ಕೆಲಸಕ್ಕೆ ಹೋಗುವವರಿಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆ ಕಡ್ಡಾಯ. ಅದರ ಮೊತ್ತ 10 ಲಕ್ಷ.

ಹಳದಿ ಜ್ವರ ಇರುವ ಆಫ್ರಿಕಾ ದೇಶಗಳಿಗಾದರೆ ಲಸಿಕೆ ಹೊರಡುವ 10 ದಿನ ಮೊದಲೇ ಆಗಿರಬೇಕು, ಪ್ರಮಾಣಪತ್ರ ಜಾರಿಗೆ ಬರುವುದೇ ಆಗ. ಇರಾನ್, ಸುಡಾನ್‌ನಂಥ ಕಡೆ ನಮ್ಮ ಬ್ಯಾಂಕ್ ಕಾರ್ಡ್ ನಡೆಯುವುದಿಲ್ಲ. ಹರಿಯದ, ಗೀಚಿಲ್ಲದ ಹೊಸ ಡಾಲರ್ ನೋಟುಗಳನ್ನು ಎರಡು ಮೂರು ಕಡೆ ಹಂಚಿಡಿ. ಅದರಲ್ಲಿ ಹೊರಬರುವ ದಾರಿಯ ಖರ್ಚು ಮುಟ್ಟಬಾರದ ಗಂಟು.

ಗೆರೆ ಮೊದಲೇ ಎಳೆಯಿರಿ

ಏನಾದರೆ ಹೊರಡುತ್ತೀರಿ ಎಂಬುದನ್ನು ಇಲ್ಲಿದ್ದಾಗಲೇ ಬರೆದಿಡಿ. ಅಲ್ಲಿ ಕೂತಾಗ ಪ್ರತಿ ದಿನವೂ ನಿನ್ನೆಯಂತೆಯೇ ಕಾಣುತ್ತದೆ. ವಿಮಾನ ಸಂಸ್ಥೆಗಳು ಸೇವೆ ನಿಲ್ಲಿಸತೊಡಗಿದರೆ, ಬೇರೆ ದೇಶಗಳು ರಾಯಭಾರಿ ಸಿಬ್ಬಂದಿಯ ಕುಟುಂಬಗಳನ್ನು ಕಳಿಸತೊಡಗಿದರೆ, ಪೆಟ್ರೋಲ್ ಸಾಲು ಉದ್ದವಾದರೆ, ಇಂಟರ್‌ನೆಟ್ ಕಡಿತವಾದರೆ: ಇವುಗಳಲ್ಲಿ ಯಾವ ಎರಡು ಒಟ್ಟಿಗೆ ಕಂಡರೂ 48 ಗಂಟೆಯಲ್ಲಿ ಹೊರಡುವುದು ಎಂಬಂಥ ಗೆರೆ ಸಾಕು. ಫೀಸು ಕಟ್ಟಿಯಾಗಿದೆ, ಸಂಬಳ ಬರುವುದಿದೆ ಎಂಬುದು ಆ ಗೆರೆಯನ್ನು ಅಳಿಸಬಾರದು ಎಂದು ಮನೆಯವರೂ ಒಪ್ಪಿರಬೇಕು. ಎಷ್ಟೋ ಸಲ "ಇನ್ನೊಂದು ವಾರ ನೋಡಪ್ಪಾ" ಎನ್ನುವುದು ಇಲ್ಲಿಂದ ಹೋಗುವ ಫೋನೇ.

ತಲುಪಿದ ವಾರದೊಳಗೆ ರಾಯಭಾರ ಕಚೇರಿಯಲ್ಲಿ ಹೆಸರು ನೋಂದಾಯಿಸಿ. ಮನೆಯಲ್ಲಿ ಪಾಸ್‌ಪೋರ್ಟ್, ವೀಸಾ ನಕಲು, ಉದ್ಯೋಗದಾತರ ಅಥವಾ ಕಾಲೇಜಿನ ವಿಳಾಸ, ರಕ್ತದ ಗುಂಪು, ಇಬ್ಬರು ಸಹಪಾಠಿ ಅಥವಾ ಸಹೋದ್ಯೋಗಿಗಳ ಫೋನ್ ನಂಬರ್ ಇರಲಿ. ದಿನಕ್ಕೊಮ್ಮೆ ಗೊತ್ತಾದ ಹೊತ್ತಿಗೆ ಸಂದೇಶ. ಒಂದು ದಿನ ತಪ್ಪಿದರೆ ಸಹಪಾಠಿಗೆ ಫೋನ್, ಎರಡು ದಿನ ತಪ್ಪಿದರೆ ರಾಯಭಾರ ಕಚೇರಿಗೆ ಫೋನ್ ಮತ್ತು ವಿದೇಶಾಂಗ ಸಚಿವಾಲಯದ 'ಮದದ್' ಪೋರ್ಟಲ್‌ನಲ್ಲಿ ದೂರು. ಅದರ ಜೊತೆಗೆ ಜಿಲ್ಲಾಧಿಕಾರಿ ಕಚೇರಿಗೂ ಒಂದು ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಮೂರೂ ಕಡೆ ಒಂದೇ ಪಾಸ್‌ಪೋರ್ಟ್ ಸಂಖ್ಯೆ, ಒಂದೇ ಸ್ಪೆಲ್ಲಿಂಗ್ ಇರಬೇಕು. ಹೆಸರು ಬೇರೆಯಾದರೆ ತೆರವು ಪಟ್ಟಿಯಲ್ಲಿ ಒಬ್ಬರೇ ಇಬ್ಬರಾಗಿ, ಹುಡುಕುವವರು ಗೊಂದಲಕ್ಕೆ ಬೀಳುತ್ತಾರೆ.