ಗೆಳೆಯರು ಕಾರಿನ ಕೀ ಕೇಳಿದಾಗ ನೋಯಿಸದೆ ಇಲ್ಲ ಎನ್ನುವುದು ಹೇಗೆ?

ಸಂಜೆಯ ಬಸ್ ತಪ್ಪಿದರೆ ಮರುದಿನ ಬೆಳಿಗ್ಗೆಯವರೆಗೆ ಕಾಯಬೇಕಾದ ಊರುಗಳು ತೀರ್ಥಹಳ್ಳಿ, ಹೊಸನಗರದ ಕಡೆ ಇಂದಿಗೂ ಇವೆ. ಅಂಥಲ್ಲಿ ಕಾರು ಇದ್ದವರನ್ನು ಜನ ಕೇಳುವುದು ಸಹಜ. ಕೇಳಿದ್ದು ತಪ್ಪಲ್ಲ ಎಂಬುದು ಮನಸ್ಸಿನಲ್ಲಿದ್ದರೆ ಉತ್ತರದಲ್ಲಿ ಸಿಡುಕು ಬರುವುದಿಲ್ಲ.

ಮೊದಲು ಅಗತ್ಯ ಯಾವ ಬಗೆಯದು ಎಂದು ನೋಡಿ. ಹೆರಿಗೆ ನೋವು, ಹಾವಿನ ಕಡಿತ, ಅಪರಾತ್ರಿಯ ಎದೆನೋವು ಎಂದಾದರೆ ಎರಡನೆಯ ಯೋಚನೆ ಬೇಡ, ನೀವೇ ಕಾರು ತೆಗೆಯಿರಿ. ಸಿಗಂದೂರು ದರ್ಶನ, ಜೋಗ ನೋಡಲು ಬಂದ ನೆಂಟರು, ಮಂಡಿಗೆ ಹೋಗಬೇಕಾದ ಅಡಿಕೆ ಮೂಟೆ ಇವೆಲ್ಲ ಬೇರೆ ದಾರಿ ಇರುವ ಕೆಲಸಗಳು.

ಎರಡನೆಯದಾಗಿ, ಕೀ ಕೊಟ್ಟರೆ ನಿಮ್ಮ ಮೇಲೆ ಏನೇನು ಬರುತ್ತದೆ ಎಂದು ತಿಳಿದಿರಿ. ಪರವಾನಗಿ ಇಲ್ಲದವರಿಗೆ ವಾಹನ ಕೊಟ್ಟ ಮಾಲೀಕರಿಗೆ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ನಂತರ 5,000 ರೂಪಾಯಿ ದಂಡವಿದೆ, ಮೂರು ತಿಂಗಳವರೆಗೆ ಸೆರೆಯೂ ಆಗಬಹುದು. ಗೆಳೆಯನ ಹದಿನಾರರ ಮಗ ಓಡಿಸಿ ಸಿಕ್ಕಿಬಿದ್ದರೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಸೆರೆ, ಹನ್ನೆರಡು ತಿಂಗಳು ನೋಂದಣಿ ರದ್ದು. ಪರವಾನಗಿ ಇದ್ದವರು ಗುದ್ದಿಸಿದರೂ ವಿಮೆ ಕೇಳಬೇಕಾದವರು ನೀವೇ. ಐದು ವರ್ಷ ಕ್ಲೇಮು ಮಾಡದೆ ವಿಮೆ ಕಂತಿನಲ್ಲಿ ಗಳಿಸಿದ ಶೇ 50ರ ರಿಯಾಯಿತಿ ಸಾಮಾನ್ಯವಾಗಿ ಒಂದೇ ಕ್ಲೇಮಿಗೆ ಹೋಗುತ್ತದೆ. ‘ಬಾಡಿಗೆ ಕೊಡುತ್ತೇನೆ’ ಎಂದರೆ ಇನ್ನೂ ಕಷ್ಟ. ಬಿಳಿ ಬೋರ್ಡಿನ ಕಾರನ್ನು ಬಾಡಿಗೆಗೆ ಓಡಿಸುವುದು ಪರ್ಮಿಟ್ ಉಲ್ಲಂಘನೆ, ಖಾಸಗಿ ಕಾರಿನ ವಿಮೆಯೂ ಅದಕ್ಕೆ ಅನ್ವಯಿಸುವುದಿಲ್ಲ.

ಇನ್ನು ಹೇಳುವ ಬಗೆ. ಹೆಚ್ಚಿನವರು ಎಡವುವುದು ಇಲ್ಲೇ. ‘ನೋಡೋಣ’ ಎನ್ನಬೇಡಿ, ಗೆಳೆಯ ಅದನ್ನು ಹೂಂ ಎಂದೇ ತಿಳಿದು ಬೇರೆ ಗಾಡಿ ಹುಡುಕುವುದಿಲ್ಲ, ಹೊರಡುವ ಹಿಂದಿನ ರಾತ್ರಿ ಇಲ್ಲ ಎಂದರೆ ಆಗುವ ನೋವು ದೊಡ್ಡದು. ‘ಸರ್ವಿಸ್‌ಗೆ ಬಿಟ್ಟಿದ್ದೇನೆ’ ಎಂಬ ಸುಳ್ಳೂ ಬೇಡ. ಅದೇ ಸಂಜೆ ಶಿವಮೊಗ್ಗದ ಗೋಪಿ ವೃತ್ತದಲ್ಲಿ ನಿಮ್ಮ ಕಾರನ್ನು ಯಾರಾದರೂ ನೋಡಿಯೇ ನೋಡುತ್ತಾರೆ. ಕಾರಣಗಳ ಸಾಲು ಹಿಡಿದರೆ ಒಂದೊಂದಕ್ಕೂ ಪರಿಹಾರ ಬರುತ್ತದೆ: ‘ಡೀಸೆಲ್ ನಾನೇ ಹಾಕಿಸುತ್ತೇನೆ’, ‘ಮಧ್ಯಾಹ್ನಕ್ಕೇ ತಂದು ಬಿಡುತ್ತೇನೆ’. ಆದ್ದರಿಂದ ಮೊದಲ ಮಾತಿನಲ್ಲೇ ನಿಯಮ ಹೇಳಿ: ‘ಕಾರನ್ನು ಬೇರೆಯವರಿಗೆ ಓಡಿಸಲು ಕೊಡುವುದಿಲ್ಲ ಮಾರಾಯ, ಯಾರಿಗೂ ಕೊಡುವುದಿಲ್ಲ.’ ಹಿರಿಯರಾದರೆ, ‘ಬೇಸರ ಮಾಡಿಕೊಳ್ಳಬೇಡಿ ಭಾವ, ಕೀ ಮಾತ್ರ ಕೇಳಬೇಡಿ, ಬೇರೆ ಏನಿದ್ದರೂ ಹೇಳಿ’ ಎನ್ನಬಹುದು. ಹೇಳಿದ ಮೇಲೆ ನಿಯಮ ನಿಮ್ಮ ತಮ್ಮನಿಗೂ ಒಂದೇ ಆಗಿರಬೇಕು. ಅವನಿಗೆ ಕೊಟ್ಟದ್ದು ಗೊತ್ತಾದ ದಿನ ಗೆಳೆಯನಿಗೆ ನಿಜವಾಗಿಯೂ ನೋವಾಗುತ್ತದೆ.

ಘಾಟಿಯ ಅಭ್ಯಾಸವಿಲ್ಲದವರು ಮಳೆಗಾಲದಲ್ಲಿ ಆಗುಂಬೆಯ ಹದಿನಾಲ್ಕು ತಿರುವು ಇಳಿಯಲು ಕಾರು ಕೇಳಿದರೆ ಇನ್ನಷ್ಟು ಗಟ್ಟಿಯಾಗಿ ಬೇಡ ಎನ್ನಿ. ಅಲ್ಲಿ ದಾಕ್ಷಿಣ್ಯಕ್ಕೆ ಬಸಿರಾಗುವುದು ಅವರ ಪ್ರಾಣಕ್ಕೇ ಅಪಾಯ.

ಇಲ್ಲ ಎಂದ ಬೆನ್ನಿಗೇ ಕೈಲಾದುದನ್ನು ಮಾಡಿ. ನಂಬಿಕೆಯ ಟ್ಯಾಕ್ಸಿ ಚಾಲಕರ ನಂಬರ್ ಕೊಡಿ, ಮೂಟೆಗೆ ಪಿಕಪ್ ಗೊತ್ತುಮಾಡಿಕೊಡಿ, ಬೆಳಗಿನ ರೈಲಿಗೆ ನೀವೇ ಬಿಟ್ಟು ಬನ್ನಿ. ಇಷ್ಟಾದರೂ ಮುನಿಸಿಕೊಂಡರೆ ವಾದಕ್ಕೆ ಇಳಿಯಬೇಡಿ. ಅವರ ಮನೆಯ ಮುಂದಿನ ಕಾರ್ಯಕ್ಕೆ ಹಿಂದಿನ ದಿನವೇ ಹೋಗಿ ಚಪ್ಪರದ ಕೆಲಸಕ್ಕೆ ನಿಲ್ಲಿ.